ಡಾಕ್ಟರ್ ಲಾಮಾರಾ ಕೇಳಲು ಕಲಿತದ್ದು

ಜಾರ್ಜಿಯಾ ದೇಶದ ಕುತೈಸಿ ಊರಲ್ಲಿ ಡಾಕ್ಟರಾಗಿದ್ದ ಲಾಮಾರಾ ಬ್ರೂಕ್ಲಿನ್‌ಗೆ ಬಂದು ಕಂಡವರ ಮನೆಯ ಮುದುಕರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಿದಾಗ ನಮ್ಮ ಬೀದಿಯ ಜಾರ್ಜಿಯನ್ನರು ಯಾರೂ ಹುಬ್ಬೇರಿಸಲಿಲ್ಲ. ಇಲ್ಲಿ ಹಡಗಿನ ಇಂಜಿನಿಯರು ಟೈಲ್ಸ್ ಕೂರಿಸುತ್ತಾನೆ, ಪಿಯಾನೋ ಮೇಷ್ಟರು ಟ್ಯಾಕ್ಸಿ ಓಡಿಸುತ್ತಾನೆ. ನಾನೂ ಭೂಗೋಳ ಪಾಠ ಮಾಡುತ್ತಿದ್ದವನೇ, ಈಗ ಬ್ರೆಡ್ಡು ಸುಡುತ್ತೇನೆ. ಹುಬ್ಬೇರಿದ್ದು ಅವಳು ಮತ್ತೆ ಓದುತ್ತೇನೆ ಎಂದಾಗ, ಅದೂ ಫಿಸಿಶಿಯನ್ ಅಸಿಸ್ಟೆಂಟ್ ಆಗುವುದಕ್ಕೆ.

“ಡಾಕ್ಟರಾಗಿದ್ದೋಳು ಕಾಂಪೌಂಡರ್ ಆಗ್ತಾಳಂತೆ!” ಎಂದಳು ಎತೆರಿ, ನನ್ನ ಬೇಕರಿಯ ಕಿಟಕಿ ಪಕ್ಕದ ಕುರ್ಚಿಯನ್ನು ವರ್ಷಗಳಿಂದ ಬಿಟ್ಟು ಏಳದ ಟೈಲರಮ್ಮ.

“ಕಾಂಪೌಂಡರ್ ಅಲ್ಲ ಕಣೇ,” ಎಂದಳು ಲಾಮಾರಾ. “ರೋಗೀನ ನೋಡ್ತೀನಿ, ಔಷಧಿ ಬರೀತೀನಿ, ಹೊಲಿಗೆ ಹಾಕ್ತೀನಿ. ಒಬ್ಬ ಡಾಕ್ಟರ ಜೊತೆ ಸೇರ್ಕೊಂಡು, ಅಷ್ಟೇ. ಡಾಕ್ಟರ್ ದಾರೀನೇ ಹಿಡಿದ್ರೆ ಎಲ್ಲ ಪರೀಕ್ಷೆ ಮೊದಲಿಂದ, ಆಮೇಲೆ ಆಸ್ಪತ್ರೇಲಿ ತರಬೇತಿ. ಅಲ್ಲಿ ಜಾಗ ಸಿಗೋ ಹೊತ್ತಿಗೆ ನನಗೇ ಯಾರಾದ್ರೂ ಸ್ನಾನ ಮಾಡಿಸ್ಬೇಕಾಗುತ್ತೆ.”

“ಹೊಲಿಗೆ ನಾನೂ ಹಾಕ್ತೀನಪ್ಪ,” ಎಂದು ಎತೆರಿ ಚಹಾ ಹೀರಿದಳು.

ಈ ದಾರಿಯೂ ಸಲೀಸಾಗಿರಲಿಲ್ಲ. ಕುತೈಸಿಯ ಅಂಕಪಟ್ಟಿಯಲ್ಲಿದ್ದ ರಸಾಯನಶಾಸ್ತ್ರ, ಜೀವಶಾಸ್ತ್ರ ಇಲ್ಲಿನ ಶಾಲೆಗಳಿಗೆ ರುಚಿಸಲಿಲ್ಲ. ಒಮ್ಮೆ ಹೆಣ ಕೊಯ್ದು ಕಲಿತವಳು ಕಾಲೇಜಿಗೆ ಹೋಗಿ, ಚೂಯಿಂಗ್ ಗಮ್ ಅಗಿಯುವ ಮಕ್ಕಳ ನಡುವೆ ಕೂತು ಮೂಳೆಗಳ ಹೆಸರನ್ನು ಮತ್ತೆ ಬಾಯಿಪಾಠ ಮಾಡಿದಳು. ಮೂಳೆ ಅದೇ, ನಾಲಗೆ ಮಾತ್ರ ಬೇರೆ. ಅದೆಲ್ಲ ಮುಗಿಸಿ, ಅಸಿಸ್ಟೆಂಟ್ ತರಬೇತಿ ಕೊಡುವ ಶಾಲೆಯೊಂದರ ಸಂದರ್ಶನಕ್ಕೆ ಹೋದಳು.

ಅಲ್ಲಿ ಅವಳೆದುರು ರೋಗಿಯ ವೇಷದ ನಟನೊಬ್ಬನನ್ನು ಕೂರಿಸಿದರಂತೆ. ಅವನು ಹೊಟ್ಟೆ ಹಿಡಿದು ನರಳತೊಡಗಿದ.

“ಗುರಾಮ್, ಅವನು ಕಾಲು ಮೇಲೆ ಕಾಲು ಹಾಕ್ಕೊಂಡು ಕೂತಿದ್ದ!” ಎಂದು ಅವಳು ವಾಪಸು ಬಂದು ನನ್ನೆದುರು ಕೂಗಾಡಿದಳು. “ಅಪೆಂಡಿಕ್ಸ್ ನೋವಿರೋನು ಹಾಗೆ ಕೂರ್ತಾನಾ? ‘ನಿಂಗೇನೂ ಆಗಿಲ್ಲ, ಏಳಯ್ಯ, ಮನೆಗೆ ಹೋಗು’ ಅಂದೆ.”

“ಎದ್ನಾ?”

“ಎದ್ದ. ಆಮೇಲೆ ನನ್ನನ್ನೂ ಎಬ್ಬಿಸಿದ್ರು.”

ಆ ವರ್ಷ ಸೀಟು ಸಿಗಲಿಲ್ಲ. ಯಾಕೆಂದು ಪಟ್ಟುಹಿಡಿದು ಕೇಳಿದ್ದಕ್ಕೆ ಅಲ್ಲಿನ ಅಧ್ಯಾಪಕಿಯೊಬ್ಬಳು, ವಿದ್ಯೆಗೇನೂ ಕೊರತೆಯಿಲ್ಲ, ಆದರೆ ನೀವು ರೋಗಿಗೆ ಬಾಯಿ ಬಿಡಲು ಬಿಡುವುದಿಲ್ಲ ಎಂದಳಂತೆ. ಲಾಮಾರಾ ಎರಡು ದಿನ ನಮ್ಮ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬೇಕರಿಗೆ ಬಂದು, “ನಂಗೆ ರೋಗಿಗಳು ಬೇಕು,” ಎಂದಳು.

ಮಧ್ಯಾಹ್ನ ವ್ಯಾಪಾರ ಮಂದ. ಹಿಟ್ಟಿನ ಮೂಟೆಗಳ ನಡುವೆ ಎರಡು ಕುರ್ಚಿ ಹಾಕಿಕೊಟ್ಟೆ. ನಮ್ಮೂರಿನ ಚೀಸ್ ರೊಟ್ಟಿ ಖಚಾಪುರಿ ಕೊಳ್ಳಲು ಬಂದವರೆಲ್ಲ ರೋಗಿಗಳಾದರು. ಎತೆರಿ ಒಂದೇ ವಾರದಲ್ಲಿ ಕಾಮಾಲೆ, ಮೂರ್ಛೆ, ಬಸಿರು ಎಲ್ಲ ಅನುಭವಿಸಿದಳು. ಆದರೆ ಲಾಮಾರಾ ಮೂರನೆಯ ಮಾತಿಗೇ ತಾಳ್ಮೆ ಕಳೆದುಕೊಂಡು “ಸಾಕು ಸುಮ್ನಿರು, ಗೊತ್ತಾಯ್ತು” ಎನ್ನುತ್ತಿದ್ದಳು. ನಮ್ಮೂರಲ್ಲಿ ಡಾಕ್ಟರೆಂದರೆ ಹಾಗೇ.

ಒಂದು ದಿನ ಅವಳ ಅತ್ತೆ ನುನು ಬಂದಳು. ಕೋಲಿನಂತೆ ನೆಟ್ಟಗಿರುವ, ಅಡುಗೆಮನೆಯನ್ನು ಕೋಟೆಯಂತೆ ಆಳುವ ಹೆಂಗಸು. “ಈ ನಾಟಕ ಎತೆರಿ ಕೈಲಿ ಆಗಲ್ಲ, ಸರೀರಿ,” ಎಂದು ಕುರ್ಚಿಯಲ್ಲಿ ಕೂತಳು.

“ಹೇಳಿ, ನಿಮಗೇನು ತೊಂದರೆ?” ಎಂದಳು ಲಾಮಾರಾ.

“ನಾನೇ ಹೇಳೋದಾದ್ರೆ ನೀನ್ಯಾಕೆ ಓದ್ಬೇಕಿತ್ತು?”

ಎಲ್ಲರೂ ನಕ್ಕೆವು. ಲಾಮಾರಾಳ ಕಿವಿ ಕೆಂಪಾಯಿತು. ಆದರೂ ಉಸಿರು ಬಿಗಿಹಿಡಿದು, “ನಿಧಾನವಾಗಿ ಹೇಳಿ. ನಾನು ಕೇಳ್ತೀನಿ,” ಎಂದು ಕೈಕಟ್ಟಿ ಕೂತಳು.

ನುನು ಅತ್ತ ಇತ್ತ ನೋಡಿದಳು. ಸೊಸೆ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

“ಎಡಗಣ್ಣು,” ಎಂದಳು ಕೊನೆಗೆ. “ಹಾಲಿನ ಲೋಟದೊಳಗಿಂದ ನೋಡಿದ ಹಾಗಿರುತ್ತೆ.”

“ಯಾವಾಗಿಂದ?”

“ಊರಲ್ಲಿ ಹೋದ ಸಲ ದ್ರಾಕ್ಷಿ ಸುಗ್ಗಿ ಆದಾಗಿಂದ.”

“ಮನೇಲಿ ಯಾರಿಗೂ ಹೇಳ್ಲಿಲ್ವಾ?”

“ಯಾರಿಗೆ ಹೇಳ್ಲಿ? ಮಗ ಯಾವಾಗ್ಲೂ ಲಾರಿ ಮೇಲೆ. ಸೊಸೆ ಡಾಕ್ಟರು, ಬಾಯಿ ತೆಗೆಯೋಕ್ಮುಂಚೆ ಸುಮ್ನಿರಿ ಅಂತಾಳೆ. ಕಣ್ಣು ಕಾಣ್ದೋಳು ಅಂತ ಗೊತ್ತಾದ್ರೆ ನನ್ನ ಒಲೆ ಹತ್ರ ಬಿಡ್ತಾಳಾ?”

“ಅಬ್ಬಾ, ಏನು ನಟನೆ!” ಎಂದು ಎತೆರಿ ಚಪ್ಪಾಳೆ ತಟ್ಟಿದಳು. ನಾವೂ ತಟ್ಟಿದೆವು. ಲಾಮಾರಾ ಮಾತ್ರ ಎದ್ದು ಅತ್ತೆಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಮೂರು ಬೆರಳು ಎತ್ತಿ ಹಿಡಿದಳು.

“ಇದೆಷ್ಟು?”

“ಯಾವುದೆಷ್ಟು?” ಎಂದಳು ನುನು.

ಚಪ್ಪಾಳೆ ನಿಂತಿತು.

ಆಮೇಲೆ ಲಾಮಾರಾ ತಂದೂರಿ ಒಲೆಯ ಹಿಂದೆ ಬಂದು, ಹಿಟ್ಟಿನ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. “ದಿನಾ ಒಂದೇ ಮೇಜಲ್ಲಿ ಉಣ್ತೀವಿ ಗುರಾಮ್. ಹುರುಳಿಕಾಯಿಗೆ ಎರಡೆರಡು ಸಲ ಉಪ್ಪು ಬೀಳ್ತಿತ್ತು. ನನ್ನ ಮೇಲಿನ ಸಿಟ್ಟಿಗೆ ಹಾಕ್ತಾರೆ ಅಂದ್ಕೊಂಡಿದ್ದೆ.”

“ಸಿಟ್ಟೂ ಇತ್ತು ಬಿಡು,” ಎಂದೆ. ಅಳುತ್ತಲೇ ನಕ್ಕಳು.

ಅದು ಬರೀ ಪೊರೆ. ಒಂದು ಬೆಳಗ್ಗೆ ತೆಗೆಸಿದರು, ಸಂಜೆ ನುನು ಮನೆಯಲ್ಲಿದ್ದಳು. ಒಲೆ ಅವಳ ಕೈಯಲ್ಲೇ ಉಳಿಯಿತು, ಉಪ್ಪಿನ ಡಬ್ಬಿಯೂ.

ಮುಂದಿನ ಸಂದರ್ಶನದಲ್ಲಿ ನಿದ್ದೆ ಬಾರದ ಹೆಂಗಸಿನ ವೇಷದಲ್ಲಿ ಒಬ್ಬ ನಟಿ ಬಂದಳಂತೆ. ಲಾಮಾರಾ ಒಂದೇ ಪ್ರಶ್ನೆ ಕೇಳಿ ಸುಮ್ಮನಾದಳು.

“ಪಾಪ, ಅವಳಿಗೆ ಹೇಳ್ಕೊಟ್ಟಿದ್ದ ಮಾತೆಲ್ಲ ಮುಗಿದುಹೋಯ್ತು,” ಎಂದು ನಮಗೆ ವರದಿ ಒಪ್ಪಿಸಿದಳು. “ನಾನು ಇನ್ನೂ ಕೇಳ್ತಾನೇ ಇದ್ದೆ. ಕೊನೆಗೆ ತನ್ನ ಸ್ವಂತ ಗಂಡನ ಗೊರಕೆ ವಿಷಯ ಶುರು ಮಾಡಿದ್ಲು. ಪರೀಕ್ಷಕರೇ ಬಂದು ನಿಲ್ಲಿಸ್ಬೇಕಾಯ್ತು.”

ಇತ್ತ ನುನುವಿನ ಹೊಸ ಕಣ್ಣು ನಮ್ಮೆಲ್ಲರ ಪ್ರಾಣ ತಿನ್ನತೊಡಗಿತ್ತು. ಬೇಕರಿಗೆ ಬಂದವಳೇ ತಲೆ ಎತ್ತಿ, “ಥೂ ಗುರಾಮ್, ಇದು ಛಾವಣಿಯೋ ಹೊಗೆಗೂಡೋ? ಇಷ್ಟು ದಿನ ಇದರ ಕೆಳಗೆ ಬ್ರೆಡ್ ತಿಂತಿದ್ನಾ?” ಎಂದಳು. ಅಂಗಡಿ ಮುಚ್ಚಿಸಿ, ಕುರ್ಚಿ ಬಿಡದ ಎತೆರಿಯೊಬ್ಬಳನ್ನು ಬಿಟ್ಟು ನಮ್ಮನ್ನೆಲ್ಲ ಕೆಲಸಕ್ಕೆ ಹಚ್ಚಿದಳು. ಲಾಮಾರಾ ಏಣಿಯ ತುದಿಯಲ್ಲಿ ನಿಂತು ಮಸಿ ತಿಕ್ಕುತ್ತಿದ್ದಾಗಲೇ ಶಾಲೆಯಿಂದ ಫೋನು ಬಂತು. ಕಪ್ಪು ನೀರು ಮೊಣಕೈವರೆಗೂ ಇಳಿಯುತ್ತಿತ್ತು. ಅವಳು, “ಇನ್ನೊಂದ್ಸಲ ಹೇಳ್ತೀರಾ?” ಎಂದಳು. ಮತ್ತೆ, “ಇನ್ನೊಂದ್ಸಲ.”

“ಏನಂತೆ?” ಎಂದು ನುನು ಕೆಳಗಿಂದ ಏಣಿ ಅಲ್ಲಾಡಿಸಿದಳು.

“ಸೇರಿಸ್ಕೊಂಡಿದ್ದಾರೆ! ಅಲ್ಲಾಡಿಸ್ಬೇಡಿ ಅತ್ತೆ, ಬೀಳ್ತೀನಿ!”

ಎತೆರಿ ಕುರ್ಚಿ ಬಿಟ್ಟು ಎದ್ದಳು. ಮನೆಗೆ ಓಡಿ ಒಂದು ಹೂಜಿ ವೈನ್ ತಂದಳು. ಹಿಟ್ಟಿನ ಹಲಗೆಯನ್ನೇ ಮೇಜು ಮಾಡಿದೆವು. ಲಾಮಾರಾಳ ಗಂಡ ವಾಜಾ ಆಗ ಒಹಾಯೋದಲ್ಲಿ ಎಲ್ಲೋ ಇದ್ದ. ಫೋನಿನಲ್ಲಿ ಸುದ್ದಿ ಕೇಳಿದವನೇ ಲಾರಿಯನ್ನು ರಸ್ತೆ ಬದಿಗೆ ಹಾಕಿ ಮಗುವಿನಂತೆ ಅತ್ತ. ಫೋನನ್ನು ಬ್ರೆಡ್ಡಿಗೆ ಒರಗಿಸಿಟ್ಟು ಅವನನ್ನೂ ನಮ್ಮ ನಡುವೆ ಕೂರಿಸಿಕೊಂಡು, ಅವನ ಪಾಲಿನ ಲೋಟವನ್ನೂ ತುಂಬಿದೆವು. ಗಾಡಿ ಓಡಿಸುವವನು ಕುಡಿಯಬಾರದಲ್ಲ, ಅದನ್ನು ನಾನೇ ಕುಡಿದೆ.