ಬಾಳೆಹಣ್ಣಿನ ಘಮಲಿನ ರಿಯಾಕ್ಟರ್

ಪೀಣ್ಯದ ಆ ಶೆಡ್ಡಿನಲ್ಲಿ ಒಂದೂ ಬಾಳೆಹಣ್ಣಿಲ್ಲ, ಆದರೂ ಬೀದಿಗೆಲ್ಲ ಬಾಳೆಹಣ್ಣಿನ ಘಮಲು. ಬೇಕರಿಗಳಿಗೆ ಎಸೆನ್ಸ್ ಮಾಡಿ ಮಾರುವ ಪ್ರಸನ್ನ ಲಗ್ಗೆರೆಯ ಹಳೇ ಮನೆತನದವನು. ರಸಾಯನಶಾಸ್ತ್ರ ಗೊತ್ತಿಲ್ಲ, ಯಜಮಾನಿಕೆ ಚೆನ್ನಾಗಿ ಗೊತ್ತು. ಅವನ ಕೆಮಿಸ್ಟ್ ನಿವೇದಿತಾ, ರಾಣೆಬೆನ್ನೂರಿನವಳು, ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಈ ತಿಂಗಳು ನೌಕರಿ ಕಾಯಂ ಆಗದಿದ್ದರೆ ಊರಿಗೆ ಬಂದು ಹಾವೇರಿಯ ಬಟ್ಟೆ ಅಂಗಡಿಯ ಈರೇಶನನ್ನು ಮದುವೆಯಾಗಬೇಕೆಂದು ತಾಯಿ ಮಹಾಂತಮ್ಮ ಹಟ ಹಿಡಿದಿದ್ದರು. ಅವಳಿಗೋ ಆ ಸಂಬಂಧ ಸುತರಾಂ ಬೇಡವಾಗಿತ್ತು.

ಅಂಥದ್ದರಲ್ಲಿ ಎಸೆನ್ಸ್ ಕುದಿಸುವ ರಿಯಾಕ್ಟರ್ ಬೇರೆ ಮೊಂಡು ಹಿಡಿಯಿತು. ಆಸಿಡ್ಡೂ ಆಲ್ಕೋಹಾಲೂ ಸೇರಿ ಎಸೆನ್ಸೂ ನೀರೂ ಆಗಬೇಕು. ಮುಕ್ಕಾಲು ಪಾಲೂ ಆಗದೆ ನಿಂತುಬಿಡುತ್ತಿತ್ತು.

“ಇನ್ನೂ ಕುದಿಸಮ್ಮ!” ಎಂದ ಪ್ರಸನ್ನ.

“ಕುದಿಸಿದ್ರೆ ಏನೂ ಆಗಲ್ಲ ಸಾರ್. ಎಷ್ಟು ಎಸೆನ್ಸ್ ಆಗ್ತಿದ್ಯೋ ಅಷ್ಟೇ ವಾಪಸ್ ಆಸಿಡ್ ಆಗ್ತಿದೆ. ಆಗಿರೋದೆಷ್ಟು, ಆಗ್ದೆ ಉಳಿದಿರೋದೆಷ್ಟು, ಆ ಲೆಕ್ಕಕ್ಕೆ ಕ್ಯೂ ಅಂತೀವಿ. ಅದು ಕೆ ಅನ್ನೋ ಗಡಿ ಮುಟ್ತು ಅಂದ್ರೆ ಸಮತೋಲನ. ಆಮೇಲೆ ಜಗ್ಗಲ್ಲ. ನೀರು ತೆಗೀತಾ ಇದ್ರೆ ಕ್ಯೂ ಕೆಳಗೇ ಇರುತ್ತೆ. ಇನ್ನೂ ಗಡಿ ಮುಟ್ಟಿಲ್ಲ ಅಂತ ರಿಯಾಕ್ಷನ್ನು ಪಾಪ ಓಡ್ತಾನೇ ಇರುತ್ತೆ.”

ನೀರನ್ನು ಬೇರೆ ಮಾಡುವ ಗಾಜಿನ ಕೊಳವೆಯನ್ನು ಅವಳೇ ಕೂರಿಸಿದಳು. ಎಸೆನ್ಸ್ ಭರಪೂರ ಬಂತು. ಪ್ರಸನ್ನ ಮೂಗಿನ ಮೇಲೆ ಬೆರಳಿಟ್ಟ.

ತಿಂಗಳ ಕೊನೆಗೆ ಅವಳನ್ನು ಕರೆಸಿದ. “ಪ್ರೊಬೇಷನ್ ಇನ್ನಾರು ತಿಂಗಳು ಮುಂದಕ್ಕೆ ಹಾಕಿದೀನಮ್ಮ. ನೀನೇ ಹೇಳ್ಕೊಟ್ಟೆ ನೋಡು, ಗಡಿ ಮುಟ್ಟಿಸಬಾರ್ದು. ಕಾಯಂ ಮಾಡಿದ್ರೆ ನೀನೂ ಸಮತೋಲನಕ್ಕೆ ಬಂದ್ಬಿಡ್ತೀಯ!”

ಇವನ ಬಾಯಿಗೆ ಮಣ್ಣು ಹಾಕ! ನಿವೇದಿತಾಳ ಮೈಯೆಲ್ಲ ಉರಿದುಹೋಯಿತು. ಏಪ್ರನ್ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು.

“ಎಲ್ಲಿಗಮ್ಮಾ?”

“ಊರಿಗೆ. ಇನ್ನೊಂದು ಪಾಠ ಬಾಕಿ ಇತ್ತು ಸಾರ್. ನೀರು ತೆಗೆದ್ರೆ ಮುಂದಕ್ಕೆ ಹೋಗುತ್ತೆ. ಆಸಿಡ್ಡನ್ನೇ ತೆಗೆದ್ರೆ ಹಿಂದಕ್ಕೆ ಬರುತ್ತೆ. ಈ ಶೆಡ್ಡಿನ ಆಸಿಡ್ಡು ನಾನೇ.”

ಈ ಪಾಠ ಪ್ರಸನ್ನನ ತಲೆಗೆ ಬೇಗ ಹತ್ತಿತು. ಮೇಜಿನ ಮೇಲಿನ ಕಾಫಿ ಆರುವಷ್ಟರಲ್ಲಿ ಕಾಯಂ ಪತ್ರಕ್ಕೆ ಸಹಿ ಬಿತ್ತು. ಗೆದ್ದೆನಪ್ಪಾ ಎಂದು ಅವಳು ಗೇಟಿನ ಬಳಿಯೇ ಊರಿಗೆ ಫೋನು ಹಚ್ಚಿದಳು.

“ಅವ್ವಾ, ನೌಕರಿ ಕಾಯಂ ಆತು!”

“ಆತಾ? ನಿನ್ನ ಬಾಯಾಗ ಸಕ್ರಿ ಹಾಕ! ಕಾಯಂ ನೌಕರಿ ಇರೋ ಹುಡುಗೀನ ಬೇಕಂತ ಈರೇಶನ ಮನಿಯವ್ರು ಕುಂತಿದ್ರು. ರವಿವಾರನ ಕರಸ್ತೀನಿ, ಬಂದುಬಿಡವ್ವಾ.”

ನಿವೇದಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾಯಂ ಆಗದಿದ್ದರೂ ಈರೇಶ, ಆದರೂ ಈರೇಶ. ಯಾವ ಕಡೆಯಿಂದ ಹೊರಟರೂ ಬಂದು ನಿಲ್ಲುವ ಸಮತೋಲನ ಒಂದೇ ಎಂದು ಅವಳು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದಳು.