ಬಾವುಟದ ಹಳೆಯ ಹೆಸರು

ಸೋಮವಾರ ಬೆಳಿಗ್ಗೆ ಡೈನಾ ಸ್ಟಾರ್ ಪಾದ್ರಿಗಳ ಬಿಳಿ ನಿಲುವಂಗಿಯನ್ನು ಹಿಂಡುತ್ತಿದ್ದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಒಂಬತ್ತು ವರ್ಷದ ಮಗಳು ಹಲ್ದಾಳ ಕೈಯಲ್ಲಿ. ಅಷ್ಟರಲ್ಲಿ ಪಾದ್ರಿಗಳ ಮನೆಗೆಲಸದ ನ್ಯಾನ್ ಏದುಸಿರು ಬಿಡುತ್ತಾ ಬಂದಳು.

"ಡೈನಕ್ಕಾ, ಬಿಟ್ಟು ಬಾ ಅದನ್ನ! ಪುಸ್ತಕ ಬಂದಿದೆ. ನಿನ್ನ ಚೀಟಿಗಳೆಲ್ಲ ಅಚ್ಚಾಗಿವೆಯಂತೆ!"

"ಇದು ಕೆಳಗೆ ಬಿದ್ರೆ ನಿಮ್ಮ ಯಜಮಾನರು ಭಾನುವಾರ ಕೆಸರಂಗೀಲೇ ಉಪದೇಶ ಮಾಡ್ಬೇಕಾಗುತ್ತೆ ಕಣೇ," ಎಂದು ಡೈನಾ ನಕ್ಕಳು. ಆದರೆ ಅದನ್ನು ಬುಟ್ಟಿಗೆ ಹಾಕಿ, ಮಗಳ ಕೈ ಹಿಡಿದು ಹೊರಟಳು.

ಐದು ವರ್ಷದ ಹಿಂದೆ ಪೆನಕ್ ಪಾದ್ರಿಗಳು ಚರ್ಚಿನಲ್ಲಿ ಒಂದು ಕರೆ ಓದಿ ಹೇಳಿದ್ದರು. ಇಂಗ್ಲಿಷಿನ ಪ್ರತಿ ಪದದ ಚರಿತ್ರೆ ಇರುವ ಮಹಾ ನಿಘಂಟು ತಯಾರಾಗುತ್ತಿದೆ, ಹಳೆಯ ಬರಹ ಓದಿ, ಪದ ಬಳಕೆಯಾದ ವಾಕ್ಯವನ್ನು ಯಾರು ಬೇಕಾದರೂ ಚೀಟಿಯಲ್ಲಿ ಬರೆದು ಕಳಿಸಬಹುದು. ಚರ್ಚಿನ ದೊಡ್ಡ ಪೆಟ್ಟಿಗೆಯ ಹಳೇ ಕಾಗದಗಳ ಧೂಳು ಹೊಡೆಯುವ ಕೆಲಸ ಡೈನಾಳದಾಗಿತ್ತು. ಅಲ್ಲೇ ಅವಳಿಗೆ ಆ ಪದ ಸಿಕ್ಕಿದ್ದು: ಏನ್‌ಶಂಟ್. ಈಗ ಯಾರನ್ನು ಕೇಳಿದರೂ 'ಪುರಾತನ' ಅನ್ನುತ್ತಾರೆ. ಆ ಕಾಗದಗಳಲ್ಲಿ ಮಾತ್ರ ಅದು ಹಡಗಿನ ಹಿಂದೆ ಹಾರಾಡುತ್ತಿತ್ತು, ಗುಂಡು ತಗುಲಿ ಹರಿಯುತ್ತಿತ್ತು. ಬಾವುಟಕ್ಕಿದ್ದ 'ಎನ್‌ಸೈನ್' ಅನ್ನುವ ಹೆಸರು ನಾವಿಕರ, ಸೈನಿಕರ ಬಾಯಲ್ಲಿ ಸವೆದು ಸವೆದು 'ಏನ್‌ಶಂಟ್' ಆಗಿತ್ತು. ನೂರಾರು ವರ್ಷ ಬಾಳಿ, ಆಮೇಲೆ ಯಾರಿಗೂ ಬೇಡವಾಗಿ ಮಾಯವಾಗಿತ್ತು.

ಮೂರು ಚಳಿಗಾಲ, ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತಿನಲ್ಲಿ ಅವಳು ಬರೆದಳು. ಸಕ್ಕರೆ ಪೊಟ್ಟಣದ ನೀಲಿ ಕಾಗದವನ್ನು ಅರ್ಧಕ್ಕೆ ಕತ್ತರಿಸಿ, ಎಡ ಮೂಲೆಯಲ್ಲಿ ಪದ, ಅದರ ಕೆಳಗೆ ಇಸವಿ, ಪುಟ, ಆಮೇಲೆ ವಾಕ್ಯ. ಅದು ಮುಗಿದರೆ ಇನ್ನೊಂದು ಪದ. ಹೀಗೆ ನಾನೂರು ಚೀಟಿ. ಹಲ್ದಾ ಅಕ್ಷರ ಕಲಿತದ್ದು ಆ ಚೀಟಿಗಳಲ್ಲೇ. ಚೀಟಿಯ ಮೇಲೆ ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಕಟ್ಟಿನ ಜೊತೆ ಹೋಗುವ ಪತ್ರದಲ್ಲಿ ಹೆಸರು ತಿಳಿಸಿದರೆ ಸಾಕಿತ್ತು. "ಪತ್ರ ನಾನು ಬರೀತೀನಿ ಡೈನಾ, ನಿನ್ನ ಹೆಸರು ಪುಸ್ತಕದಲ್ಲಿ ಬರುತ್ತೆ," ಎಂದು ಪಾದ್ರಿಗಳು ಮಾತು ಕೊಟ್ಟಿದ್ದರು. ಅವಳ ಅಮ್ಮ ಬರೆಯಲು ಬಾರದೆ ಮದುವೆಯ ದಿನ ಹೆಸರಿನ ಜಾಗದಲ್ಲಿ ಗೀಟು ಎಳೆದವಳು. ಅಮ್ಮನ ಆ ಗೀಟಿನ ಮುಂದೆ ತನ್ನದೊಂದು ಹೆಸರು ಅಚ್ಚಾಗಲಿ ಎಂಬುದಷ್ಟೇ ಡೈನಾಳ ಆಸೆ.

"ಅಲ್ಲಿ ಬಾಯಿ ಬಿಡಬೇಡ," ಎಂದು ದಾರಿಯಲ್ಲಿ ಮಗಳಿಗೆ ಹೇಳಿದಳು.

"ಬಾ ಬಾ, ನೋಡು ನಮ್ಮ ಬಾವುಟ!" ಪಾದ್ರಿಗಳು ಮೇಜಿನ ಮೇಲಿದ್ದ ನಿಘಂಟಿನ ಪುಟ ತೆರೆದರು. ಸಣ್ಣ ಅಕ್ಷರದಲ್ಲಿ ಅವಳದೇ ವಾಕ್ಯ, ಅವಳದೇ ಇಸವಿ. ಮುಟ್ಟಲು ಹೋಗಿ, ಬೆರಳು ಒದ್ದೆಯೆಂದು ಹಿಂದಕ್ಕೆ ತೆಗೆದಳು.

"ಇದು ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು," ಎಂದಳು ಮೆಲ್ಲಗೆ. "ಹೆಸರುಗಳು ಎಲ್ಲಿವೆ ಪಾದ್ರಿಗಳೇ?"

"ಅದೆಲ್ಲ ಮುನ್ನುಡೀಲಿ, ಬಿಡು. ಕೂತ್ಕೋ, ಟೀ ಕುಡೀತೀಯಾ?"

ಬಟ್ಟೆ ಒಗೆದ ಹದಿನಾರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳಿಗೆ ಟೀ ಬೇಕಾ ಅಂದಿರಲಿಲ್ಲ. ಡೈನಾ ಕೂರಲಿಲ್ಲ.

ಅಷ್ಟರಲ್ಲಿ ಹಲ್ದಾ ಪುಟ ಹಿಂದಕ್ಕೆ ತಿರುವಿ ಮುನ್ನುಡಿ ತೆಗೆದಿದ್ದಳು. "ಅಮ್ಮಾ, ಸ್ಟಾರ್ ಅಂತ ಇಲ್ಲ."

"ಸರಿಯಾಗಿ ನೋಡು."

"ನೋಡ್ದೆ. ಪೆನಕ್ ಪಾದ್ರಿ, ನಾನೂರು ಚೀಟಿ ಅಂತ ಇದೆ."

ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. "ನೋಡು ಡೈನಾ, ಬಟ್ಟೆ ಒಗೆಯೋಳು ಬರೆದಿದ್ದು ಅಂದಿದ್ರೆ ನಿಘಂಟಿನವರು ನಂಬ್ತಿದ್ರಾ? ಚೀಟಿಗಳನ್ನ ಒಲೆಗೆ ಹಾಕ್ತಿದ್ರು. ಪದ ಉಳೀತಲ್ಲ, ಅದು ಮುಖ್ಯ."

ಚಿಕ್ಕವಳಿದ್ದಾಗ ಅವಳ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವರು ಇವರೇ. ಬೇರೆ ಯಾರಾದರೂ ಆಗಿದ್ದರೆ ಅವಳು ಸಿಟ್ಟಾಗುತ್ತಿದ್ದಳು. ಈಗ ಸಿಟ್ಟು ಕೂಡ ಬರಲಿಲ್ಲ. ಅವರ ಅಂಗಿಯ ತೋಳಿನ ತುದಿಗೆ ತಾನೇ ಹಾಕಿದ ಗಂಜಿಯನ್ನು ನೋಡುತ್ತಾ ನಿಂತಳು.

"ಹೌದು ಪಾದ್ರಿಗಳೇ," ಎಂದಿತು ಬಾಯಿ, ಅಭ್ಯಾಸದಿಂದ. "ಬಾ ಹಲ್ದಾ, ಬಟ್ಟೆಗೆ ನೀಲಿ ಹಾಕೋದಿದೆ."

ಹಲ್ದಾ ಕದಲಲಿಲ್ಲ. ಮೂರು ಚಳಿಗಾಲ ಒಲೆಯ ಪಕ್ಕದಲ್ಲಿ ಕೂತು ಪ್ರತಿ ಚೀಟಿಯನ್ನೂ ಕಂಡವಳು ಅವಳು. ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡು ತಲೆಯೆತ್ತಿದಳು.

"ಪಾದ್ರಿಗಳೇ, ಈ ನಾನೂರರಲ್ಲಿ ನೀವು ಬರೆದಿದ್ದು ಯಾವುದು?"