ಉಚ್ಚಂಗೆಪ್ಪನಂತೆ ಬೈಯುವ ಕಂಪ್ಯೂಟರ್

ಹಗರಿಬೊಮ್ಮನಹಳ್ಳಿಯ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಬಸ್ಸುಗಳ ಹೆಸರು ಕೂಗಿ ಕೂಗಿ ಉಚ್ಚಂಗೆಪ್ಪನ ಗಂಟಲು ಕೂತುಹೋಗಿತ್ತು. ಇನ್ನು ಕೂಗಿದರೆ ಮಾತೇ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾರನ್ನಾದರೂ ಬೈಯದೆ ಒಂದು ತಾಸು ಇರಲಾರದ ಮನುಷ್ಯ, ಹೆದರಿಬಿಟ್ಟ.

ಅವನ ಬದಲು ಕೂಗಲು ಬಸ್ಸುಗಳ ಮಾಲೀಕರು ಕಂಪ್ಯೂಟರ್ ತರಿಸಿದರು. ಊರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸುಜಾತಾ ಗೋಡೆಯ ಬೋರ್ಡು ನೋಡಿ ಬಸ್ಸುಗಳ ವೇಳೆ ತುಂಬಿದಳು, ಊರುಗಳ ಹೆಸರನ್ನು ತನ್ನ ದನಿಯಲ್ಲೇ ಹೇಳಿ ಸೇರಿಸಿದಳು. ಸೋಮವಾರದ ಹೊತ್ತಿಗೆ ಒಂದೂ ತಪ್ಪಿರಬಾರದು, ಇದ್ದರೆ ವಾಪಸ್ ಎಂದರು ಮಾಲೀಕರು.

ಮೊದಲ ದಿನವೇ ಅದು ತೆಲಿಗಿಗೆ ಹೋಗಬೇಕಾದ ಮುದುಕಿ ಹಂಪಕ್ಕನನ್ನು ಕೊಟ್ಟೂರು ಬಸ್ಸಿಗೆ ಹತ್ತಿಸಿತು. ಉಚ್ಚಂಗೆಪ್ಪ ಓಡಿಹೋಗಿ ಬುಟ್ಟಿ ಸಮೇತ ಇಳಿಸಿದ.

"ನೀನು ಬೈದಾದ್ರೂ ಸರಿ ಬಸ್ಸಿಗೆ ಹತ್ತಿಸ್ತಿದ್ದಿ. ಇದು ಚೆಂದ ಮಾತಾಡಿ ಕೊಟ್ಟೂರಿಗೆ ಕಳಿಸ್ತೈತಿ," ಎಂದಳು ಮುದುಕಿ.

ಸುಜಾತಾ ತೆಲಿಗಿಯನ್ನು ಸರಿಮಾಡಿದಳು. ನೀಲಗುಂದ ಕೆಟ್ಟಿತು. ಅದನ್ನು ಸರಿಮಾಡಿದರೆ ಹಡಗಲಿ ಬಸ್ಸನ್ನು ಎರಡೆರಡು ಸಲ ಕೂಗಿತು. ಶನಿವಾರ ಉಚ್ಚಂಗೆಪ್ಪನ ಸಹನೆ ಮುಗಿಯಿತು.

"ಏನ್ ತಂಗಿ, ಒಂದು ತೂತು ಮುಚ್ಚಿದ್ರ ಇನ್ನೊಂದು ಬೀಳ್ತೈತಿ. ಹಿಂದಿಂದೆಲ್ಲಾ ಮತ್ತ ನೋಡಂಗಿಲ್ಲೇನು?"

"ಎಲ್ಲಾ ಬಸ್ಸು ಕೂಗೋತನಕ ದಿನಾ ಪೂರ್ತಿ ಕಾಯಬೇಕಲ್ರಿ ಅಣ್ಣಾರೆ."

"ನೀನ್ಯಾಕ ಕಾಯಬೇಕು? ಕಂಪ್ಯೂಟರಿಗೇನು ರೋಗ? ತನ್ನ ತಪ್ಪು ತಾನೇ ನೋಡ್ಕೊಳ್ಳಲಿ."

ಸುಜಾತಾ ಕುರ್ಚಿ ಎಳೆದುಕೊಂಡಳು. "ಹಂಗಾದ್ರ ಹೇಳ್ರಿ. ಎಷ್ಟಕ್ಕ ಯಾವ ಬಸ್ಸು, ಎಲ್ಲಿ ನಿಲ್ತೈತಿ?"

ಉಚ್ಚಂಗೆಪ್ಪ ಕಣ್ಣು ಮುಚ್ಚಿ, ಪಿಸುದನಿಯಲ್ಲಿ, ಅರವತ್ತನಾಲ್ಕು ಬಸ್ಸು ಹೇಳಿದ. ಸಂತೆಯ ದಿನ ಎರಡನೇ ಪ್ಲಾಟ್‌ಫಾರಂ ತುಂಬ ಬುಟ್ಟಿಗಳಿರುತ್ತವೆ, ನೀಲಗುಂದದ ಬಸ್ಸು ಬೇವಿನ ಮರದ ಕೆಳಗೆ ನಿಲ್ಲುತ್ತದೆ ಎಂಬುದನ್ನೂ ಬಿಡಲಿಲ್ಲ. ಅದೆಲ್ಲ ಇಟ್ಟುಕೊಂಡು ಅವಳು ಇನ್ನೊಂದು ಪ್ರೋಗ್ರಾಮ್ ಬರೆದಳು. ಬಟನ್ ಒತ್ತಿದರೆ ಅದು ಕೂಗುವ ಪ್ರೋಗ್ರಾಮಿಗೆ ಸುಳ್ಳು ಗಡಿಯಾರ ತೋರಿಸಿ, ಅರವತ್ತನಾಲ್ಕನ್ನೂ ಒಂದೇ ನಿಮಿಷದಲ್ಲಿ ಕೇಳಿ, ಉಚ್ಚಂಗೆಪ್ಪನ ಉತ್ತರದ ಜೊತೆ ಹೋಲಿಸುತ್ತಿತ್ತು. ಪರದೆಯ ಮೇಲೆ ಸರಿಯಾದದ್ದು ಹಸಿರು, ತಪ್ಪಿದ್ದು ಕೆಂಪು.

"ತಪ್ಪಾದ್ರ ಏನಂತ ಬರೀಲ್ರಿ?"

"ನಾನು ಏನಂತೀನಿ, ಅದನ್ನ ಬರಿ."

'ಲೇ, ಕಣ್ಣು ಎಲ್ಲಿಟ್ಟೀಯಲೇ?' ಎಂದು ಬರೆದಳು.

ಭಾನುವಾರ ಮೊದಲು ಹನ್ನೊಂದು ಕೆಂಪು, ಹನ್ನೊಂದು ಬೈಗುಳ ಬಂದವು. ಅವಳು ಒಂದೊಂದು ತಿದ್ದಿದಾಗಲೂ ಬಟನ್ ಒತ್ತಿ ಅಷ್ಟನ್ನೂ ಮತ್ತೆ ಕೇಳಿಸಿದಳು. ಉಚ್ಚಂಗೆಪ್ಪ ಚಹಾ ಹಿಡಿದು ಪಕ್ಕದಲ್ಲಿ ಕೂತಿದ್ದ. ಗಂಟಲು ನೋಯದೆ ಬೈಯುವ ಸುಖವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಹನ್ನೊಂದು ನಾಲ್ಕಾಯಿತು, ಮತ್ತೆ ಆರಾಯಿತು, ಸಂಜೆಗೆ ಒಂದೇ ಉಳಿಯಿತು. ತೆಲಿಗಿ, ಎಂಟೂ ಹತ್ತು; ಆ ಹೊತ್ತಿಗೆ ಪ್ರೋಗ್ರಾಮ್ ಏನೂ ಕೂಗುತ್ತಿರಲಿಲ್ಲ. ಸುಜಾತಾ ಪ್ರೋಗ್ರಾಮನ್ನೆಲ್ಲ ಜಾಲಾಡಿದಳು. ಉಚ್ಚಂಗೆಪ್ಪನ ಉತ್ತರವೇ ತಪ್ಪಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಸೋಮವಾರ ಬೆಳಿಗ್ಗೆ ಮಾಲೀಕರು, ಡ್ರೈವರುಗಳು ಸೇರಿದರು. ಬಟನ್ ಒತ್ತಿದರೆ ಅದೇ ಕೆಂಪು, ಅದೇ ಬೈಗುಳ.

"ಒಂದಾದ್ರೂ ತಪ್ಪು ತಪ್ಪೇ. ಗಂಟು ಕಟ್ರಿ," ಎಂದರು ಮಾಲೀಕರು.

ತೆಲಿಗಿ ಬಸ್ಸಿನ ಡ್ರೈವರ್ ಓಬಳೇಶ ಇಣುಕಿ ನೋಡಿದ. "ಎಂಟೂ ಹತ್ತು ಯಾರು ಹೇಳಿದ್ದು? ಒಂದನೇ ತಾರೀಖಿನಿಂದ ನನ್ನ ಬಸ್ಸು ಎಂಟೂ ಇಪ್ಪತ್ತಕ್ಕ ಐತಿ. ಬೋರ್ಡಿನ ಮ್ಯಾಲೆ ನೀನೇ ಬರ್ದೀಯಲ್ಲಣ್ಣಾ."

ಎಲ್ಲರೂ ಉಚ್ಚಂಗೆಪ್ಪನ ಮುಖ ನೋಡಿದರು. ಅವನು ಬೋರ್ಡಿನಲ್ಲಿದ್ದ ತನ್ನದೇ ಅಕ್ಷರ ನೋಡಿದ. ಪರದೆಯ ಮೇಲಿದ್ದ ತನ್ನದೇ ಬೈಗುಳ ನೋಡಿದ.

"ನನ್ನ ಬಾಯಿಂದನ ನನಗ ಬೈದೈತಲ್ಲಲೇ ಇದು," ಎಂದು ನಗಲು ಶುರುಮಾಡಿದವನು ಕೆಮ್ಮು ಬರುವತನಕ ನಕ್ಕ.

ಸುಜಾತಾ ಉತ್ತರ ತಿದ್ದಿದಳು. ಅರವತ್ತನಾಲ್ಕೂ ಹಸಿರು. ಮಾಲೀಕರು ತಲೆಯಾಡಿಸಿದರು.

ಎಂಟೂ ಇಪ್ಪತ್ತಕ್ಕೆ ಸ್ಪೀಕರು ತೆಲಿಗಿ ಬಸ್ಸು ಮೂರನೇ ಪ್ಲಾಟ್‌ಫಾರಂ ಎಂದಿತು. ಬುಟ್ಟಿ ಹೊತ್ತ ಹಂಪಕ್ಕ ನೇರ ಉಚ್ಚಂಗೆಪ್ಪನ ಹತ್ತಿರ ಬಂದಳು. "ಖರೇನೇ?"

"ಖರೆ ಐತಿ, ಹತ್ತು. ನನ್ನ ತಪ್ಪನ್ನ ಹಿಡಿದೈತಿ ಅದು."

"ಹಂಗಾದ್ರ ಇನ್ನ ಯಾರನ್ನ ಬೈತೀಯಪ್ಪಾ ನೀನು?"

ಉಚ್ಚಂಗೆಪ್ಪ ಒಳಗೆ ಹೋಗಿ ಮತ್ತೊಮ್ಮೆ ಬಟನ್ ಒತ್ತಿದ. ಎಲ್ಲ ಹಸಿರು. ಚೂರು ಬೇಸರವೇ ಆಯಿತು.